ಕಲ್ಲು ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಮನೆ ಪ್ಲಾನ್ ಮಾತಾಡಲು ಬಂದವರು ಕೊನೆಗೆ ಬೇರೆಯೇ ಪ್ರಶ್ನೆ ಕೇಳುವುದು ನನಗೆ ಹೊಸದಲ್ಲ. ಮೊನ್ನೆ ಜಯನಗರದವರೊಬ್ಬರು ನಕ್ಷೆ ಮಡಿಸಿಟ್ಟು ಕೇಳಿದರು: "ಮೇಡಂ, ರಜೆಗೆ ರೋಮ್‌ಗೆ ಹೋಗ್ತಿದ್ದೀವಿ. ಊರ ಮಧ್ಯೆ ದೊಡ್ಡ ಬಿಳಿ ಕಟ್ಟಡ ಇದೆಯಲ್ಲ, ಅದನ್ನ ಅಲ್ಲಿಯವರೇ ಬೈತಾರಂತೆ. ನೋಡೋದಾ, ಬಿಡೋದಾ?"

ನೋಡಿ ಅಂದೆ. ಆದರೆ ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ವಿಧಾನಸೌಧದ ಎದುರು ಅರ್ಧ ಗಂಟೆ ನಿಂತು ಬನ್ನಿ ಅಂತಲೂ ಹೇಳಿದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಆ ಬಿಳಿ ಕಟ್ಟಡದ ಹೆಸರು ವಿತ್ತೋರಿಯಾನೊ. ಒಂದುಗೂಡಿದ ಇಟಲಿಯ ಮೊದಲ ರಾಜ ಎರಡನೇ ವಿಕ್ಟರ್ ಎಮ್ಯಾನುಯಲ್ 1878ರಲ್ಲಿ ತೀರಿಕೊಂಡ. ಅವನ ನೆನಪಿಗೆ 1885ರಲ್ಲಿ ಅಡಿಗಲ್ಲು ಬಿತ್ತು. ವಿನ್ಯಾಸ ಮಾಡಿದ ಜುಸೆಪ್ಪೆ ಸಕ್ಕೋನಿ 1905ರಲ್ಲೇ ತೀರಿಹೋದ. ಉದ್ಘಾಟನೆಯಾಗಿದ್ದು 1911ರಲ್ಲಿ, ಪೂರ್ತಿ ಕೆಲಸ ಮುಗಿದಿದ್ದು 1935ರಲ್ಲಿ. ಅಗಲ 135 ಮೀಟರ್, ಮೇಲಿನ ರಥದ ಪ್ರತಿಮೆಗಳನ್ನೂ ಸೇರಿಸಿದರೆ ಎತ್ತರ 81 ಮೀಟರ್. ಉದ್ದದಲ್ಲಿ ನಮ್ಮ 700 ಅಡಿಯ ವಿಧಾನಸೌಧಕ್ಕಿಂತ ಚಿಕ್ಕದೇ. ಆದರೆ ಎದುರು ನಿಂತರೆ ಮೈಮೇಲೆ ಬಿದ್ದ ಹಾಗೆ ಅನಿಸುತ್ತದೆ. ಜನ ಅದನ್ನು ಮದುವೆ ಕೇಕು ಅಂತಲೂ ಟೈಪ್‌ರೈಟರ್ ಅಂತಲೂ ಆಡಿಕೊಳ್ಳುತ್ತಾರೆ.

ಹಳೇ ಕಲ್ಲಿನ ಕಟ್ಟಡಗಳ ರಿಪೇರಿ ನನ್ನ ಕಸುಬು. ಹಾಗಾಗಿ ಯಾವ ಕಟ್ಟಡದ ಬಗ್ಗೆ ಜಗಳವಿದ್ದರೂ ನಾನು ಮೊದಲು ಕೇಳುವುದು ಎರಡೇ. ಕಲ್ಲು ಎಲ್ಲಿಂದ ತಂದರು? ಇದನ್ನು ಕಟ್ಟಲು ಏನನ್ನು ಕೆಡವಿದರು?

ರೋಮ್‌ನ ಹಳೇ ಕಲ್ಲು ಟ್ರಾವರ್ಟೈನ್. ಪಕ್ಕದ ತಿವೊಲಿಯಲ್ಲಿ ಸಿಗುತ್ತದೆ. ಕೊಲೋಸಿಯಂನ ಹೊರಗೋಡೆ ಕಟ್ಟಿದ್ದೂ ಇದರಲ್ಲೇ. ಹತ್ತಿರ ಹೋಗಿ ನೋಡಿದರೆ ಸೆಟ್ ದೋಸೆ ಥರ ತೂತು ತೂತು. ಆ ತೂತುಗಳಲ್ಲಿ ನೂರಾರು ವರ್ಷದ ಧೂಳು ಕೂತು, ಕಲ್ಲು ನಿಧಾನವಾಗಿ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ಬರುತ್ತದೆ. ಸುತ್ತಲ ಮನೆಗಳ ಗೋಡೆಯೂ ಕಾವಿ, ಹಳದಿ. ಊರಿಗೆ ಊರೇ ಒಂದು ಬಣ್ಣದಲ್ಲಿದೆ.

ವಿತ್ತೋರಿಯಾನೊಗೆ ಹಾಕಿದ್ದು ಬೊತ್ತಿಚಿನೊ. ಉತ್ತರದ ಬ್ರೆಷಿಯಾ ಕಡೆಯಿಂದ ಹೊತ್ತು ತಂದ ಬಿಳಿ ಕಲ್ಲು. ಮೊದಲು ಯೋಚಿಸಿದ್ದು ಟ್ರಾವರ್ಟೈನನ್ನೇ. ಬ್ರೆಷಿಯಾದವರೇ ಆದ ರಾಜಕಾರಣಿ ಜನಾರ್ದೆಲ್ಲಿ ತಮ್ಮ ಕಡೆಯ ಕಲ್ಲಿಗೆ ಜೋರು ಹಾಕಿದರು ಅನ್ನುವ ಗುಸುಗುಸು ಇನ್ನೂ ನಿಂತಿಲ್ಲ. ಇಂಥ ಗುಸುಗುಸುವನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬೊತ್ತಿಚಿನೊದಲ್ಲಿ ತೂತಿಲ್ಲ, ನಯವಾಗಿದೆ. ಧೂಳಿನ ಜೊತೆ ರಾಜಿ ಮಾಡಿಕೊಳ್ಳುವುದಿಲ್ಲ. ನೂರು ವರ್ಷ ದಾಟಿದರೂ ಊರಿನ ಬಣ್ಣಕ್ಕೆ ಬಂದಿಲ್ಲ.

ನಾನು ಹೋದಾಗ ಜೊತೆಗೆ ನಮ್ಮ ಮಾವ ಇದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಮಧ್ಯಾಹ್ನದ ಬಿಸಿಲು. ಹಣೆಗೆ ಕೈ ಅಡ್ಡ ಹಿಡಿದು, "ಏನಮ್ಮಾ ಇದು, ನಿನ್ನೆ ಸುಣ್ಣ ಹೊಡೆದ ಹಾಗಿದೆ" ಅಂದರು. ಸ್ವಲ್ಪ ಹೊತ್ತಿಗೆ ಕಾಲು ನೋವು ಅಂತ ಮೆಟ್ಟಿಲ ಮೇಲೆ ಕೂತರು. ಪೀಪಿ ಊದಿಕೊಂಡು ಕಾವಲಿನವನು ಬಂದ. ಅಲ್ಲಿ ಕೂರುವಂತಿಲ್ಲ. 1921ರಿಂದ ಅಲ್ಲೇ ಒಬ್ಬ ಅನಾಮಿಕ ಸೈನಿಕನ ಸಮಾಧಿಯಿದೆ, ಎರಡು ದೀಪ ಸದಾ ಉರಿಯುತ್ತವೆ. ವಿಷಯ ಹೇಳಿದ ಮೇಲೆ ಮಾವ ಟೋಪಿ ತೆಗೆದು ನಿಂತರು. ಕಟ್ಟಡದ ಬಗ್ಗೆ ಅವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ.

ಇನ್ನು ಕೆಡವಿದ್ದು. ಕಟ್ಟಡ ನಿಂತಿರುವುದು ಕ್ಯಾಪಿಟೊಲೈನ್ ಗುಡ್ಡದ ಮಗ್ಗುಲಲ್ಲಿ. ಅದಕ್ಕಾಗಿ ಮಧ್ಯಯುಗದ ಒಂದು ಪೇಟೆ, ಪೋಪ್ ಮೂರನೇ ಪಾಲ್ ಕಟ್ಟಿಸಿದ ಗೋಪುರ, ಅರಾಚೇಲಿ ಚರ್ಚಿನ ಮಠ ಎಲ್ಲ ಹೋದವು. ನನ್ನ ಲೆಕ್ಕದಲ್ಲಿ ಬಿಳಿ ಬಣ್ಣಕ್ಕಿಂತ ದೊಡ್ಡ ತಪ್ಪು ಇದೇ. ಕಟ್ಟಡಕ್ಕೆ ಎದುರಾಗಿ ನಿಂತು ಬಲಕ್ಕೆ ತಿರುಗಿ, ಗುಡ್ಡದ ಬುಡ ನೋಡಿ. ಎರಡನೇ ಶತಮಾನದ ಇಟ್ಟಿಗೆ ಕಟ್ಟಡವೊಂದು ಮುರಿದು ನಿಂತಿದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಥೇಟ್ ನಮ್ಮ ಚಿಕ್ಕಪೇಟೆ. ಅದರ ಮೇಲಿದ್ದ ಚರ್ಚನ್ನು ಬಿಚ್ಚಿದಾಗ ಅದು ಕಣ್ಣಿಗೆ ಬಿತ್ತು. ನೂರರಲ್ಲಿ ತೊಂಬತ್ತು ಜನ ಅದನ್ನು ನೋಡದೇ ಬಿಳಿ ಕಟ್ಟಡದ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಈಗ ವಿಧಾನಸೌಧ. 1951ರಲ್ಲಿ ನೆಹರು ಅಡಿಗಲ್ಲು ಹಾಕಿದರು. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಪ್ಲಾನನ್ನೇ ಬದಲಿಸಿ ದೊಡ್ಡದು ಮಾಡಿಸಿದರು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಸಾವಿರಾರು ಕೂಲಿಗಳು, ಅವರಲ್ಲಿ ಕೈದಿಗಳೂ ಇದ್ದರು. 1956ಕ್ಕೆ ಮುಗಿಯುವಾಗ ಖರ್ಚು ಒಂದೂಮುಕ್ಕಾಲು ಕೋಟಿ ರೂಪಾಯಿ ಆಸುಪಾಸು. ಬಡ ರಾಜ್ಯಕ್ಕೆ ಇಂಥ ಅರಮನೆ ಯಾಕೆ ಅಂತ ದೊಡ್ಡ ಗಲಾಟೆ ಎದ್ದಿತು, ಖರ್ಚಿನ ಬಗ್ಗೆ ತನಿಖೆಯೂ ಆಯಿತು. ಮುಗಿದ ಕಟ್ಟಡದಲ್ಲಿ ಮುಖ್ಯಮಂತ್ರಿಯಾಗಿ ಕೂರುವ ಯೋಗ ಕೆಂಗಲ್ ಅವರಿಗೆ ಬರಲಿಲ್ಲ.

ಆ ಜಗಳ ಇವತ್ತು ಯಾರ ಬಾಯಲ್ಲೂ ಇಲ್ಲ. ಕಾರಣಗಳು ಹಲವು ಇರಬಹುದು. ನಾನು ಕಲ್ಲಿನವಳು, ಕಲ್ಲನ್ನೇ ಹೇಳುತ್ತೇನೆ. ಬೂದು ಗ್ರಾನೈಟ್ ಬಂದಿದ್ದು ಇಲ್ಲೇ ಮಲ್ಲಸಂದ್ರ, ಹೆಸರಘಟ್ಟದ ಕಡೆಯಿಂದ. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ನಮ್ಮ ಹಿತ್ತಲಿನ ಒಗೆಯುವ ಕಲ್ಲು, ಬೀದಿಯ ಚಪ್ಪಡಿ, ಲಾಲ್‌ಬಾಗಿನ ಬಂಡೆ ಎಲ್ಲ ಇದೇ ವಂಶ. ಕಣ್ಣಿಗೆ ಪರಕೀಯ ಅನಿಸುವುದೇ ಇಲ್ಲ. ಮಳೆ ಬಿದ್ದರೆ ಕಪ್ಪಾಗುತ್ತದೆ, ಬೆಳಗಿನ ಬಿಸಿಲು ನೇರ ಮುಖಕ್ಕೆ ಬಿದ್ದರೆ ಹೊಳೆಯುತ್ತದೆ. ಎದುರಿಗಿನ ಕೆಂಪು ಅಠಾರ ಕಚೇರಿಯೂ ಉಳಿದಿದೆ. ಅದನ್ನು ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ಜನ ವಿರೋಧಿಸಿದರು, ಕೋರ್ಟಿಗೂ ಹೋದರು.

ಅಡುಗೆಮನೆ ಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸಿದವರಿಗೆ ಮುಂದಿನದು ಗೊತ್ತು. ನಿಂಬೆರಸ ಬಿದ್ದ ಕಡೆ ಕಲೆ ಕೂರುತ್ತದೆ, ಗ್ರಾನೈಟಿಗೆ ಏನೂ ಆಗುವುದಿಲ್ಲ. ಸುಣ್ಣದ ಅಂಶವಿರುವ ಕಲ್ಲಿಗೆ ಹುಳಿ ಆಗದು, ಬೊತ್ತಿಚಿನೊ ಕೂಡ ಅದೇ ಜಾತಿ. ವಾಹನದ ಹೊಗೆಯೂ ತೇವದ ಜೊತೆ ಸೇರಿದರೆ ಹುಳಿಯಾಗುತ್ತದೆ. ಮಳೆ ತೊಳೆಯುವ ಕಡೆ ಕಲ್ಲು ಸವೆಯುತ್ತದೆ. ಮಳೆ ತಾಗದ ಸಂದಿಯಲ್ಲಿ ಮಸಿ ಹಿಡಿದು ಕಪ್ಪು ಹಕ್ಕಳೆ ಕಟ್ಟುತ್ತದೆ. ವಿತ್ತೋರಿಯಾನೊದ ಎದುರಿನ ಪಿಯಾಟ್ಸಾ ವೆನೆಜಿಯಾದಲ್ಲಿ ಟ್ರಾಫಿಕ್ಕಿಗೆ ಬರವಿಲ್ಲ. ಜೊತೆಗೆ ಈಗ ಮೆಟ್ರೊ ಕಾಮಗಾರಿ ಬೇರೆ. ತಗಡಿನ ಬೇಲಿ ನೋಡಿದರೆ ನಿಮಗೆ ಬೆಂಗಳೂರೇ ನೆನಪಾಗುತ್ತದೆ.

ಆ ಜಯನಗರದವರಿಗೆ ಬರೆದುಕೊಟ್ಟಿದ್ದು ಇಷ್ಟು. ಮಧ್ಯಾಹ್ನ ಬೇಡ, ಸಂಜೆ ಹೋಗಿ. ತಂಪು ಕನ್ನಡಕ ಇರಲಿ. ಮೆಟ್ಟಿಲು ಹತ್ತಲು ದುಡ್ಡಿಲ್ಲ, ತುದಿಗೆ ಹೋಗುವ ಗಾಜಿನ ಲಿಫ್ಟಿಗೆ ಟಿಕೆಟ್ ಇದೆ. ಕೊಡಿ, ಪರವಾಗಿಲ್ಲ. ಮೇಲಿಂದ ಕೊಲೋಸಿಯಂವರೆಗೂ ಕಾಣುತ್ತದೆ. ರಾಜನ ಕಂಚಿನ ಕುದುರೆ ಕೆಳಗೆ ಒಂದು ನಿಮಿಷ ನಿಲ್ಲಿ. ಎರಕ ಮುಗಿದಾಗ ಕೆಲಸಗಾರರು ಅದರ ಹೊಟ್ಟೆಯೊಳಗೆ ಮೇಜು ಹಾಕಿ ಊಟಕ್ಕೆ ಕೂತ ಫೋಟೊ ಇದೆ, ಮಕ್ಕಳಿಗೆ ತೋರಿಸಿ. ವಿಧಾನಸೌಧಕ್ಕೂ 2025ರಿಂದ ರಜಾದಿನಗಳಲ್ಲಿ ಗೈಡ್ ಜೊತೆ ಒಳಗೆ ಬಿಡುತ್ತಿದ್ದಾರೆ, ಅದನ್ನು ಮೊದಲು ಬುಕ್ ಮಾಡಿ.