ವಿದ್ಯುತ್ ವಾಹನ: ಸ್ಕೂಟರಿಗೆ ಸುಲಭ, ಲಾರಿಗೆ ದೂರ

ಪೆಟ್ರೋಲ್, ಡೀಸೆಲ್ ವಾಹನಗಳ ಜಾಗವನ್ನು ವಿದ್ಯುತ್ ವಾಹನಗಳು ತುಂಬಬಲ್ಲವೇ ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಕಾರಿನ ಸುತ್ತಲೇ ನಡೆಯುತ್ತದೆ. ಭಾರತದಲ್ಲಿ ನೋಂದಣಿಯಾಗಿರುವ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳೇ ಆಗಿರುವಾಗ, ಕಾರನ್ನು ಮುಂದಿಟ್ಟುಕೊಂಡು ಉತ್ತರ ಹುಡುಕಿದರೆ ದಾರಿ ತಪ್ಪುತ್ತದೆ. ಸ್ಕೂಟರು, ನಗರದ ಬಸ್ಸು, ಕಾರು, ದೂರದೂರಿಗೆ ಸರಕು ಒಯ್ಯುವ ಲಾರಿ, ಇವುಗಳಲ್ಲಿ ಒಂದೊಂದರ ಉತ್ತರವೂ ಬೇರೆ. ವಾಹನದ ತೂಕ ಎಷ್ಟು, ಅದು ದಿನಕ್ಕೆ ಎಷ್ಟು ದೂರ ಓಡುತ್ತದೆ ಎಂಬುದೇ ಆ ಉತ್ತರವನ್ನು ನಿರ್ಧರಿಸುತ್ತದೆ.

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ವಾಹನಗಳಲ್ಲಿ ಬಳಸುವ ಲಿಥಿಯಂ ಅಯಾನ್ ಬ್ಯಾಟರಿಯನ್ನು ಹೊರಕವಚ, ತಂತಿಗಳ ಸಮೇತ ತೂಗಿದರೆ, ಕಿಲೋ ಒಂದಕ್ಕೆ ಅದು ಹಿಡಿದಿಡುವುದು 0.15 ಯೂನಿಟ್ ಆಸುಪಾಸು. ವ್ಯತ್ಯಾಸ ಎಂಬತ್ತು ಪಟ್ಟು. ಆದರೆ ಎಂಜಿನ್ ತಾನು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟಿಸುವುದು ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ಬ್ಯಾಟರಿಯಿಂದ ಪಡೆದುದರಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಚಲನೆಯಾಗಿಸುತ್ತದೆ. ಹೀಗಾಗಿ ಎಂಬತ್ತು ಪಟ್ಟಿನ ಅಂತರ ಇಪ್ಪತ್ತು ಪಟ್ಟಿಗೆ ಇಳಿಯುತ್ತದೆ. ಹಗುರ ವಾಹನಕ್ಕೆ ಇದು ತೊಡಕೇ ಅಲ್ಲ. ಕಿಲೋಮೀಟರಿಗೆ 0.03 ಯೂನಿಟ್ ಬೇಡುವ ಸ್ಕೂಟರಿಗೆ ಇಪ್ಪತ್ತು ಕಿಲೋ ತೂಕದ ಬ್ಯಾಟರಿ ಹಾಕಿದರೆ ನೂರು ಕಿಲೋಮೀಟರ್ ಓಡುತ್ತದೆ, ಅಷ್ಟು ದೂರವನ್ನು ಹೆಚ್ಚಿನವರು ಒಂದೇ ದಿನದಲ್ಲಿ ಕ್ರಮಿಸುವುದಿಲ್ಲ.

ಇದೇ ಲೆಕ್ಕವನ್ನು ಬೆಂಗಳೂರಿನಿಂದ ಮುಂಬೈಗೆ ಹೋಗುವ, ತುಂಬಿದ ದೊಡ್ಡ ಲಾರಿಗೆ ಹಾಕಿ ನೋಡಬೇಕು. ದೂರ ಸುಮಾರು ಸಾವಿರ ಕಿಲೋಮೀಟರ್. ಕಿಲೋಮೀಟರಿಗೆ ಒಂದೂಕಾಲು ಯೂನಿಟ್ ಎಂದಿಟ್ಟುಕೊಂಡರೂ, ಒಂದೇ ಚಾರ್ಜಿನಲ್ಲಿ ಮುಂಬೈ ಮುಟ್ಟಲು ಬೇಕಾಗುವ ಬ್ಯಾಟರಿಯ ತೂಕ ಎಂಟು ಟನ್ ದಾಟುತ್ತದೆ. ಆ ಎಂಟು ಟನ್ ಸರಕನ್ನು ಕಡಿಮೆ ಹೇರಬೇಕು, ಇಲ್ಲವೇ ದಾರಿಯಲ್ಲಿ ಹಲವು ಬಾರಿ ಲಾರಿಯನ್ನು ಗಂಟೆಗಟ್ಟಲೆ ನಿಲ್ಲಿಸಬೇಕು. ಹೆದ್ದಾರಿಯುದ್ದಕ್ಕೂ ಭಾರೀ ಸಾಮರ್ಥ್ಯದ ಚಾರ್ಜಿಂಗ್ ಕೇಂದ್ರಗಳು ಬರುವ ತನಕ ಲಾರಿಗಳ ಸರದಿ ಕೊನೆಯದೇ.

ನಗರದ ಬಸ್ಸು ಭಾರವಾದರೂ ಅದರ ಕಥೆ ಬೇರೆ. ದಿನಕ್ಕೆ ಸುಮಾರು 200 ಕಿಲೋಮೀಟರ್, ಗೊತ್ತಾದ ದಾರಿ, ರಾತ್ರಿ ಡಿಪೋದಲ್ಲಿ ಬಿಡುವು. ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ಹೊರಡುವ ಕೆಲಸ ಡೀಸೆಲ್ ಎಂಜಿನ್ನಿಗೆ ದುಬಾರಿ. ವಿದ್ಯುತ್ ಬಸ್ಸಿನಲ್ಲಾದರೋ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರಾಗಿ ಒಂದಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಬಿಎಂಟಿಸಿ 2014ರಲ್ಲಿ ಒಂದು ಬಸ್ಸನ್ನು ಪ್ರಯೋಗಕ್ಕೆ ಓಡಿಸಿ, 2021ರ ಕೊನೆಯಿಂದ ವಿದ್ಯುತ್ ಬಸ್ಸುಗಳನ್ನು ಸೇವೆಗೆ ಇಳಿಸುತ್ತ ಬಂದಿರುವುದು ಸರಿಯಾದ ಜಾಗದಲ್ಲಿ ಇಟ್ಟ ಹೆಜ್ಜೆ ಎಂದು ನಾನು ನಂಬುತ್ತೇನೆ.

ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುವಾಗ ಹೊಗೆ ಕಡಿಮೆಯಾಗುವುದು ಹೇಗೆ ಎಂಬ ಆಕ್ಷೇಪಕ್ಕೆ ಅಂಕಿಗಳಲ್ಲೇ ಉತ್ತರ ಕೊಡಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಅಂದರೆ ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರು ಕಿಲೋಮೀಟರಿಗೆ 51 ಗ್ರಾಂ ಉಗುಳುತ್ತದೆ. ಭಾರತದ ಜಾಲದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋ ಇದೆ. ಸಾಗಣೆ ಮತ್ತು ಚಾರ್ಜಿಂಗ್ ನಷ್ಟ ಸೇರಿಸಿ ಕಿಲೋಮೀಟರಿಗೆ 0.04 ಯೂನಿಟ್ ಎಂದುಕೊಂಡರೆ ವಿದ್ಯುತ್ ಸ್ಕೂಟರಿನ ಪಾಲು 28 ಗ್ರಾಂ. ಸುಮಾರು ಅರ್ಧಕ್ಕೆ ಇಳಿಯಿತು. ಕಾರಿನಲ್ಲಿ ಈ ಲಾಭ ಅಷ್ಟಿಲ್ಲ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 153 ಗ್ರಾಂ ಬಿಟ್ಟರೆ, ಅದೇ ಗಾತ್ರದ ವಿದ್ಯುತ್ ಕಾರಿನದು 130 ಗ್ರಾಮಿನ ಆಸುಪಾಸು. ಕಚ್ಚಾತೈಲವನ್ನು ಸಂಸ್ಕರಿಸುವಾಗ ಆಗುವ ಹೊಗೆಯನ್ನು ಒಂದು ಕಡೆಗೂ ಬ್ಯಾಟರಿ ತಯಾರಿಕೆಯದನ್ನು ಇನ್ನೊಂದು ಕಡೆಗೂ ಸೇರಿಸಿದರೆ ಈ ಅಂತರ ಅಷ್ಟಿಷ್ಟು ಹೆಚ್ಚುಕಡಿಮೆಯಾಗಬಹುದು. ಇನ್ನು, ಊರೊಳಗೆ ಮೂಗಿಗೆ ಬಡಿಯುವ ಹೊಗೆ ಇಲ್ಲವಾಗುವುದಂತೂ ಎಲ್ಲ ವಾಹನಗಳಿಗೂ ಸಲ್ಲುವ ಮಾತು.

ಇಷ್ಟಕ್ಕೆಲ್ಲ ವಿದ್ಯುತ್ ಸಾಕಾಗುತ್ತದೆಯೇ? ಬೆಂಗಳೂರಿನಲ್ಲಿ 80 ಲಕ್ಷ ದ್ವಿಚಕ್ರ ವಾಹನಗಳಿವೆ ಎಂದುಕೊಂಡು, ಒಂದೊಂದೂ ದಿನಕ್ಕೆ 25 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ಬೇಕಾಗುವುದು ದಿನಕ್ಕೆ 80 ಲಕ್ಷ ಯೂನಿಟ್. ಬೇಸಿಗೆಯಲ್ಲಿ ಕರ್ನಾಟಕದ ದಿನದ ಬಳಕೆ 30 ಕೋಟಿ ಯೂನಿಟ್‌ನ ಆಸುಪಾಸಿನಲ್ಲಿರುವುದರಿಂದ ಇದು ಶೇಕಡ 3ಕ್ಕೂ ಕಡಿಮೆ. ನಿಜವಾದ ಕಷ್ಟ ಸಮಯದ್ದು. ಅಷ್ಟೂ ಗಾಡಿಗಳನ್ನು ಸಂಜೆ ಏಳಕ್ಕೆ ಮನೆ ಮುಟ್ಟಿದ ಕೂಡಲೇ ತಲಾ 750 ವಾಟ್ ಚಾರ್ಜರಿಗೆ ಸಿಕ್ಕಿಸಿದರೆ, ಆ ಕ್ಷಣದ ಹೊರೆ 6,000 ಮೆಗಾವಾಟ್. ಇಡೀ ರಾಜ್ಯದ ಗರಿಷ್ಠ ಬೇಡಿಕೆಯೇ 17,000 ಮೆಗಾವಾಟ್ ದಾಟಿದ ಮಟ್ಟದಲ್ಲಿರುವಾಗ, ಇದನ್ನು ಬಡಾವಣೆಯ ಟ್ರಾನ್ಸ್‌ಫಾರ್ಮರುಗಳು ತಾಳಲಾರವು. ಮೇಲಾಗಿ ಆ ಹೊತ್ತಿಗೆ ಸೂರ್ಯ ಮುಳುಗಿ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸುಮ್ಮನಾಗಿರುತ್ತದೆ. ಹೊರೆ ಬೀಳುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ.

ಆದ್ದರಿಂದ ಚಾರ್ಜಿಂಗ್ ನಡೆಯಬೇಕಾದದ್ದು ಆದಷ್ಟು ಮಧ್ಯಾಹ್ನ, ಗಾಡಿಗಳು ಸುಮ್ಮನೆ ನಿಂತಿರುವ ಕಚೇರಿ, ಕಾರ್ಖಾನೆ, ಕಾಲೇಜುಗಳ ಅಂಗಳದಲ್ಲಿ. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿದ್ದು ಬೀದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಇಂದು ಪ್ಲಗ್ ಪಾಯಿಂಟೇ ಇಲ್ಲ, ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳುವ ಅನುಕೂಲವೂ ಎಲ್ಲರಿಗಿಲ್ಲ. ಸ್ಕೂಟರಿನ ಚಾರ್ಜರಿಗೆ ಬೇಕಾಗುವುದು ಗಟ್ಟಿಯಾದ ಅರ್ತಿಂಗ್ ಇರುವ ಸಾಧಾರಣ 15 ಆಂಪಿಯರ್ ಸಾಕೆಟ್. ಕೆಲಸದ ಜಾಗದ ಪಾರ್ಕಿಂಗಿನಲ್ಲಿ ಅವನ್ನು ಸಾಲಾಗಿ ಕೂರಿಸಿ, ಹಗಲಿನ ಯೂನಿಟ್ ದರವನ್ನು ಸಂಜೆಯದಕ್ಕಿಂತ ಅಗ್ಗವಾಗಿಟ್ಟರೆ, ಸ್ವಂತ ಗ್ಯಾರೇಜಿಲ್ಲದ ಕುಟುಂಬವೂ ಪೆಟ್ರೋಲ್ ಬಂಕಿನ ಹಂಗು ಬಿಡಬಹುದು.