“ಕಾರ್ಡ್ ಇದೆಯಲ್ಲ ಸಾರ್, ಆಟ ಎಲ್ಲಿ ಹೋಗುತ್ತೆ?”

ಕಳೆದ ವಾರವೂ ಇದೇ ಆಯಿತು. ಒಬ್ಬ ಹುಡುಗ ಬಂದು ನನ್ನ ಮೇಜಿನ ಮೇಲೆ ಒಂದು ಎಸ್‌ಡಿ ಕಾರ್ಡ್ ಇಟ್ಟ. ಬರೀ ಕಾರ್ಡ್. ಅವನ ನಿಂಟೆಂಡೊ ತ್ರೀಡಿಎಸ್ ಕೆಟ್ಟಿತ್ತಂತೆ, ಅದನ್ನು ಗುಜರಿಗೆ ಹಾಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ಕೊಂಡನಂತೆ, ಅದಕ್ಕೆ ಈ ಕಾರ್ಡ್ ಹಾಕಿದರೆ ಒಂದು ಆಟವೂ ಕಾಣುತ್ತಿಲ್ಲವಂತೆ. “ಕಾರ್ಡ್ ಸರಿ ಇದೆ ಸಾರ್, ಕಂಪ್ಯೂಟರ್‌ಗೆ ಹಾಕಿದರೆ ಫೈಲ್ ಎಲ್ಲ ಕಾಣಿಸುತ್ತೆ. ಸ್ವಲ್ಪ ತೆಗೆದುಕೊಡಿ” ಅಂದ.

ತೆಗೆದುಕೊಡಲು ನನ್ನಿಂದ ಆಗಲಿಲ್ಲ. ಯಂತ್ರ ಎಲ್ಲಿ ಎಂದು ಕೇಳಿದೆ. ಗುಜರಿಯವನು ಹೋಗಿ 2 ತಿಂಗಳಾಗಿತ್ತು.

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ನಿಂಟೆಂಡೊ ಕಂಪನಿಯ ಎರಡು ಪರದೆಯ ಡಿಎಸ್‌ಐ, ತ್ರೀಡಿಎಸ್, ಸೋನಿಯ ಪಿಎಸ್‌ಪಿ ಎಲ್ಲ ಬರುತ್ತವೆ. ಸ್ಕ್ರೀನ್ ಹಾಕುವುದು, ಬಟನ್ ಬದಲಿಸುವುದು, ಚಾರ್ಜಿಂಗ್ ದಾರಿಯ ಸಣ್ಣ ಫ್ಯೂಸ್ ಹಾಕುವುದು, ಇದನ್ನೆಲ್ಲ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ, ನಾನು ಬರೆಯಬೇಕಾಗಿಲ್ಲ. ನಾನು ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಡೌನ್‌ಲೋಡ್ ಮಾಡಿಕೊಂಡ ಸಣ್ಣ ಆಟ ಕಾರ್ಡಿನಲ್ಲಿ ಇರುತ್ತದೆ ಎಂದು ಜನ ನಂಬಿದ್ದಾರೆ. ಆ ನಂಬಿಕೆಯಿಂದ ಎಷ್ಟು ಒಳ್ಳೆಯ ಆಟಗಳು ಸುಮ್ನೆ ಹಾಳಾಗುತ್ತಿವೆ ಎನ್ನುವುದು ನನಗೆ ತಡೆಯಲಾಗುತ್ತಿಲ್ಲ.

ಸಣ್ಣ ಆಟ ಹೋದರೆ ಏನಂತೆ ಎನ್ನುವವರೂ ಇದ್ದಾರೆ. ಅವರಿಗೆ ಮೊದಲು ಎರಡು ಮಾತು.

ಡಿಎಸ್‌ಐ ಜಪಾನಿನಲ್ಲಿ 2008ರ ನವೆಂಬರ್‌ನಲ್ಲಿ ಬಂತು, ಅಮೆರಿಕ ಮತ್ತು ಯುರೋಪಿಗೆ 2009ರ ಏಪ್ರಿಲ್‌ನಲ್ಲಿ. ಅದರೊಳಗೇ ಒಂದು ಅಂಗಡಿ ಇತ್ತು. 200, 500, 800 ಪಾಯಿಂಟ್‌ಗೆ ಆಟ ಇಳಿಸಿಕೊಳ್ಳಬಹುದಿತ್ತು. 500 ಪಾಯಿಂಟ್ ಎಂದರೆ 5 ಡಾಲರ್. ಆಟಗಳಿಗೆಂದು ಯಂತ್ರದಲ್ಲಿ ಇದ್ದ ಜಾಗ 1024 ಬ್ಲಾಕ್. ಒಂದು ಬ್ಲಾಕ್ 128 ಕಿಲೋಬೈಟ್, ಅಂದರೆ ಒಟ್ಟು 128 ಎಂಬಿ. ಮದುವೆ ಮನೆಯಿಂದ ವಾಟ್ಸಾಪ್‌ಗೆ ಬರುವ ನಾಲ್ಕೈದು ವಿಡಿಯೋ ಸೇರಿದರೆ ಅಷ್ಟಾಗುತ್ತದೆ. ಆ ಇಕ್ಕಟ್ಟಿನಲ್ಲಿ ಜನ ಎಂಥೆಂಥ ಕೆಲಸ ಮಾಡಿದ್ದಾರೆ ನೋಡಿ. ‘ಪಿಕ್ಟೋಬಿಟ್ಸ್’ ಅಂತ ಒಂದಿದೆ. ಬೀಳುವ ಬಣ್ಣದ ತುಂಡುಗಳನ್ನು ಪರದೆ ಮುಟ್ಟುವ ಕಡ್ಡಿಯಿಂದ ಎತ್ತಿ ಜೋಡಿಸುತ್ತಾ ಹೋದರೆ ಮೇಲಿನ ಪರದೆಯಲ್ಲಿ ನಿಂಟೆಂಡೊದ ಹಳೆಯ ಫ್ಯಾಮಿಕಾಮ್ ಯಂತ್ರದ ಆಟದ ಚಿತ್ರ ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ. ವೇಫಾರ್ವರ್ಡ್ ಮಾಡಿದ ‘ಮೈಟಿ ಫ್ಲಿಪ್ ಚಾಂಪ್ಸ್’ ಇನ್ನೂ ಸೊಗಸು. ನೀವಿರುವ ಕೋಣೆ ಒಂದು ಪರದೆಯಲ್ಲಿ, ಪುಟ ತಿರುಗಿಸಿದರೆ ನೀವು ಹೋಗಿ ಬೀಳುವ ಕೋಣೆ ಇನ್ನೊಂದರಲ್ಲಿ. ಎರಡನ್ನೂ ಕಣ್ಣಲ್ಲೇ ತೂಗಿ ಹೆಜ್ಜೆ ಇಡಬೇಕು. ತಪ್ಪಿದರೆ ಗೋಡೆಯೊಳಗೆ. ಈ ಆಟ ಆಮೇಲೆ ಪಿಎಸ್‌ಪಿಗೂ ಬಂತು, ಆದರೆ ಎರಡು ಪರದೆಗೆಂದು ಹುಟ್ಟಿದ್ದನ್ನು ಎರಡು ಪರದೆಯಲ್ಲೇ ಆಡಬೇಕು ಎನ್ನುವುದು ನನ್ನ ಅಭಿಪ್ರಾಯ.

ತ್ರೀಡಿಎಸ್‌ಗೆ 2011ರಲ್ಲಿ ಬಂದ ‘ಪುಷ್ಮೊ’ ನನಗೆ ತುಂಬಾ ಇಷ್ಟ. ಯುರೋಪಿನಲ್ಲಿ ಅದರ ಹೆಸರು ‘ಪುಲ್‌ಬ್ಲಾಕ್ಸ್’. ಗೋಡೆಯ ಹಾಗೆ ನಿಂತ ಬಣ್ಣದ ಬ್ಲಾಕುಗಳನ್ನು ಒಂದೊಂದಾಗಿ ಹೊರಗೆ ಎಳೆದು, ಅವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ, ಒಳಗೆ ಸಿಕ್ಕಿಕೊಂಡ ಮಗುವನ್ನು ಬಿಡಿಸಬೇಕು. ನೀವೇ ಒಂದು ಗೋಡೆ ಕಟ್ಟಿ ಕ್ಯೂಆರ್ ಕೋಡ್ ಮಾಡಿ ಗೆಳೆಯರಿಗೆ ಕೊಡಬಹುದಿತ್ತು. ಇವತ್ತು ಆ ಆಟವನ್ನು ಹೊಸದಾಗಿ ಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಡಿಎಸ್‌ಐ ಅಂಗಡಿ 2017ರ ಮಾರ್ಚ್ 31ಕ್ಕೆ ಮುಚ್ಚಿತು. ತ್ರೀಡಿಎಸ್‌ನ ಅಂಗಡಿಯಾದ ಈಶಾಪ್‌ನಲ್ಲಿ ಕೊಳ್ಳುವುದು 2023ರ ಮಾರ್ಚ್ 27ಕ್ಕೆ ನಿಂತಿತು. ಆಟ ತುಂಬಿ ಮಾರುವ, ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಡ್ಜ್ ಬಂದಿದ್ದರೆ ಎಲ್ಲಾದರೂ ಹುಡುಕಬಹುದಿತ್ತು, ಇವಕ್ಕೆ ಅದೂ ಇಲ್ಲ. ಹಾಗಾಗಿ ನಿಮ್ಮ ಯಂತ್ರದಲ್ಲಿ ಇರುವುದನ್ನು ಉಳಿಸಿಕೊಳ್ಳುವುದೇ ದಾರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಓದಿ, ದಯವಿಟ್ಟು.

ಕಾರ್ಡಿನಲ್ಲಿ ಆಟ ಇದೆ, ನಿಜ. ಆದರೆ ಅದು ಬೀಗ ಹಾಕಿದ ಟ್ರಂಕು. ಬೀಗದ ಕೈ ಇರುವುದು ಯಂತ್ರದೊಳಗಿನ ಬೋರ್ಡಿನಲ್ಲಿ. ಅಜ್ಜಿಯ ಟ್ರಂಕು ನೆನಪಿದೆಯಾ? ಟ್ರಂಕು ಅಟ್ಟದ ಮೇಲೆ, ಕೈ ಅಜ್ಜಿಯ ಸೊಂಟದಲ್ಲಿ. ಟ್ರಂಕನ್ನು ಹೊತ್ತುಕೊಂಡು ಪಕ್ಕದ ಮನೆಗೆ ಹೋದರೆ ಅಲ್ಲಿನ ಅಜ್ಜಿಯ ಸೊಂಟದಲ್ಲೂ ಒಂದು ಕೈ ಇರುತ್ತದೆ. ಅದೇ ಕಂಪನಿಯ ಬೀಗ, ಅದೇ ಅಂಗಡಿಯಲ್ಲಿ ತಂದದ್ದು. ಆದರೂ ತೆಗೆಯುವುದಿಲ್ಲ. ಹಾಗೇ ತ್ರೀಡಿಎಸ್. ಪ್ರತಿ ಯಂತ್ರಕ್ಕೂ ಅದರದೇ ಕೈ. ನಿಮ್ಮದೇ ಮಾಡೆಲ್, ನಿಮ್ಮದೇ ಬಣ್ಣ, ಒಂದೇ ದಿನ ಕೊಂಡ ಅಣ್ಣ-ತಮ್ಮಂದಿರ ಯಂತ್ರ ಆದರೂ ಒಂದರ ಕಾರ್ಡ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಫೈಲ್ ಕಾಣಿಸುತ್ತದೆ ಎಂದು ಆ ಹುಡುಗ ಹೇಳಿದನಲ್ಲ, ಅವನು ಕಂಡದ್ದು ಟ್ರಂಕಿನ ಹೊರಗಿನ ತಗಡು.

ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೆ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿದರೆ, ಏನಾಗುತ್ತದೆ? ಯಂತ್ರ ಹಳೆಯ ಕೈಯನ್ನು ಬಾವಿಗೆ ಎಸೆದು ಹೊಸ ಕೈ ಮಾಡಿಕೊಳ್ಳುತ್ತದೆ. ಯಂತ್ರ ಅದೇ, ಕಾರ್ಡ್ ಅದೇ, ಆದರೂ ಹಳೆಯ ಟ್ರಂಕು ತೆರೆಯುವುದಿಲ್ಲ. ಬೋರ್ಡ್ ಬದಲಿಸಿದರೂ ಇದೇ ಕಥೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ‘ನಿಂಟೆಂಡೊ ತ್ರೀಡಿಎಸ್’ ಎಂಬ ಫೋಲ್ಡರ್ ತೆರೆದರೆ ಒಳಗೆ 32 ಅಕ್ಷರದ ಉದ್ದನೆಯ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಎರಡು ಇದ್ದರೆ ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ ಅಥವಾ ಕಾರ್ಡ್ ಇನ್ನೊಂದು ಬೋರ್ಡಿಗೆ ಹೋಗಿ ಬಂದಿದೆ ಎಂದೇ ಹೆಚ್ಚುಕಡಿಮೆ ಅರ್ಥ. ನಾನು ಮೊದಲು ನೋಡುವುದು ಅದನ್ನೇ.

ಡಿಎಸ್‌ಐನಲ್ಲಿ ಇನ್ನೂ ಬಿಗಿ. ಅಲ್ಲಿ ಆಟ ನಡೆಯುವುದೇ ಯಂತ್ರದ ಒಳಗಿನ ಮೆಮೊರಿಯಿಂದ. ಕಾರ್ಡಿಗೆ ನಕಲು ಮಾಡಿಡಬಹುದು, ಆದರೆ ಆಡಬೇಕೆಂದರೆ ಮತ್ತೆ ಅದೇ ಯಂತ್ರಕ್ಕೆ ತರಬೇಕು. “ಹಾಗಾದರೆ ಆ ಮೆಮೊರಿ ಚಿಪ್ಪನ್ನೇ ಕಿತ್ತು ಬೇರೆ ಬೋರ್ಡಿಗೆ ಹಾಕಿ” ಎಂದು ಎಂಜಿನಿಯರಿಂಗ್ ಓದಿದ ಗಿರಾಕಿಗಳು ಹೇಳುತ್ತಾರೆ. ಆಗುವುದಿಲ್ಲ. ಚಿಪ್ಪಿನ ಒಳಗಿನದಕ್ಕೂ ಬೀಗ ಇದೆ, ಅದರ ಕೈ ಆ ಬೋರ್ಡಿನ ಪ್ರೊಸೆಸರ್‌ಗೂ ಅಂಟಿಕೊಂಡಿದೆ. ಎರಡನ್ನೂ ಒಟ್ಟಿಗೆ ಸಾಗಿಸುತ್ತೇನೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಾಲ್ಕು ಸಲ ಯೋಚಿಸಿ. ನಾನಂತೂ ಕೊಡುವುದಿಲ್ಲ.

ಇದನ್ನು ಕೇಳಿ ಕೆಲವರು ಇನ್ನೊಂದು ಕಡೆ ಹೆದರುತ್ತಾರೆ, ಕಾರ್ಡನ್ನು ಮುಟ್ಟುವುದೇ ಇಲ್ಲ. ಅದೂ ಬೇಡ. ತ್ರೀಡಿಎಸ್ ಜೊತೆ ಬಂದ 2 ಜಿಬಿ ಕಾರ್ಡ್ ಈಗ ಹಳೆಯದು, ಯಾವತ್ತು ಬೇಕಾದರೂ ಸಾಯಬಹುದು. ಯಂತ್ರ ಅದೇ ಇದ್ದರೆ, ಆ ಇಡೀ ‘ನಿಂಟೆಂಡೊ ತ್ರೀಡಿಎಸ್’ ಫೋಲ್ಡರನ್ನು ಹೊಸ ಕಾರ್ಡಿಗೆ ಹಾಗೇ ನಕಲು ಮಾಡಬಹುದು. 32 ಜಿಬಿವರೆಗಿನ ಕಾರ್ಡ್ ತೊಂದರೆ ಇಲ್ಲದೆ ನಡೆಯುತ್ತದೆ. ಟ್ರಂಕನ್ನು ಹೊಸ ಅಟ್ಟಕ್ಕೆ ಏರಿಸಿದ ಹಾಗೆ ಅಷ್ಟೇ, ಕೈ ಅಜ್ಜಿಯ ಹತ್ತಿರವೇ ಇದೆಯಲ್ಲ. ಒಂದು ಪ್ರತಿ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಿ.

ಜನರ ಮೇಲೆ ಪೂರ್ತಿ ಸಿಟ್ಟೂ ಬರುವುದಿಲ್ಲ ನನಗೆ. ನಾವೆಲ್ಲ ಬೆಳೆದದ್ದು ಜಾತ್ರೆಯಲ್ಲಿ ಕೊಡಿಸಿದ ಬ್ರಿಕ್ ಗೇಮ್ ಹಿಡಿದುಕೊಂಡು. ಡಬ್ಬಿಯ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು, ಆಟ ಯಂತ್ರದಲ್ಲೇ ಇರುತ್ತಿತ್ತು. ಆಮೇಲೆ ಕಾರ್ಟ್ರಿಡ್ಜ್ ಬಂತು. ಅದನ್ನು ಯಾರ ಯಂತ್ರಕ್ಕೆ ಹಾಕಿದರೂ ಆಟ ನಡೆಯುತ್ತಿತ್ತು, ನೀವು ಎಲ್ಲಿಯವರೆಗೆ ಆಡಿದ್ದಿರಿ ಎನ್ನುವುದೂ ಹೆಚ್ಚಾಗಿ ಅದರಲ್ಲೇ ಉಳಿಯುತ್ತಿತ್ತು. ಪಿಎಸ್‌ಪಿ ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತಿತ್ತು, ಅದರಲ್ಲಿ ಮೆಮೊರಿ ಸ್ಟಿಕ್. 2009ರ ಅಕ್ಟೋಬರ್‌ನಲ್ಲಿ ಸೋನಿ ‘ಮಿನಿಸ್’ ಎಂದು 100 ಎಂಬಿ ಮೀರದ ಸಣ್ಣ ಆಟಗಳನ್ನು ಶುರು ಮಾಡಿದಾಗ ಅವು ಆಡುವವರ ಖಾತೆಗೆ ಸೇರಿದ್ದವು. ಕಾರ್ಟ್ರಿಡ್ಜ್ ಮತ್ತು ಖಾತೆ ನೋಡಿದವರಿಗೆ, ನಡುವೆ ಒಂದು ತಲೆಮಾರಿನ ಯಂತ್ರದಲ್ಲಿ ಆಟ ಮತ್ತೆ ಬೋರ್ಡಿಗೇ ಅಂಟಿಕೊಂಡಿತು ಎಂದು ಹೇಗೆ ಗೊತ್ತಾಗಬೇಕು?

ಆದರೆ ತರುವ ಮೊದಲು ಫಾರ್ಮ್ಯಾಟ್ ಮಾಡಿಕೊಂಡು ಬರುವವರಿದ್ದಾರಲ್ಲ, ಅವರ ವಿಷಯದಲ್ಲಿ ನನ್ನ ತಾಳ್ಮೆ ಕಮ್ಮಿ. ಹಾಸನದಿಂದ ಒಬ್ಬರು ತಾಯಿಯ ತ್ರೀಡಿಎಸ್ ಎಕ್ಸ್ಎಲ್ ತಂದಿದ್ದರು. ಹಿಂಜ್, ಅಂದರೆ ಮಡಿಸುವ ಕೀಲು, ಮುರಿದಿತ್ತು, ಅಷ್ಟೇ. ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ಹೊತ್ತು ಹೋಗಲಿ ಎಂದು ಮಗ ಕೊಟ್ಟಿದ್ದನ್ನು ಆ ತಾಯಿ ಆಮೇಲೂ ಬಿಟ್ಟಿರಲಿಲ್ಲ. ‘ಪಿಕ್ರಾಸ್ ಇ’ ಆಡುತ್ತಿದ್ದರು. ಅಂಚಿನಲ್ಲಿರುವ ಅಂಕಿ ನೋಡಿ ಚೌಕ ತುಂಬುತ್ತಾ ಹೋದರೆ ಚಿತ್ರ ಮೂಡುವ ಆಟ, ಕ್ಯೋಟೋದ ಜುಪಿಟರ್ ಕಂಪನಿಯದು. ಪ್ರತಿ ಚಿತ್ರಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ರಿಪೇರಿಗೆ ಕೊಡುವ ಮೊದಲು ಕ್ಲೀನ್ ಆಗಿರಲಿ ಎಂದು ಮಗ ಹಿಂದಿನ ರಾತ್ರಿ ಫಾರ್ಮ್ಯಾಟ್ ಹೊಡೆದಿದ್ದರು. ಹಿಂಜ್‌ಗೂ ಅದಕ್ಕೂ ಏನು ಸಂಬಂಧ ಹೇಳಿ! ಯಂತ್ರಕ್ಕೆ ಅವರ ನಿಂಟೆಂಡೊ ಖಾತೆ ಜೋಡಣೆಯಾಗಿತ್ತು, ಹಾಗಾಗಿ ಮೊದಲು ಕೊಂಡಿದ್ದ ಆಟಗಳನ್ನು ಮತ್ತೆ ಇಳಿಸಿಕೊಳ್ಳಲು ಆಯಿತು. ಆ ಬಾಗಿಲು ಇನ್ನೂ ತೆರೆದಿದೆ, ಎಷ್ಟು ದಿನ ಎಂದು ನಾನು ಹೇಳಲಾರೆ. ಆದರೆ ಆ ತಾಯಿ ಬಿಡಿಸಿದ ಚಿತ್ರಗಳು, ಆ ಸಮಯಗಳು, ಯಾವುದೂ ಬರಲಿಲ್ಲ. ಅವರೇ ಫೋನಿನಲ್ಲಿ ಮಾತಾಡಿದರು. “ಹೋಗಲಿ ಬಿಡಪ್ಪ, ಮೊದಲನೇದರಿಂದ ಶುರು ಮಾಡ್ತೀನಿ, ಈ ಸಲ ಬೇಗ ಆಗುತ್ತೆ” ಎಂದರು. ನನಗೆ ಮಾತು ಹೊರಡಲಿಲ್ಲ.

ಯಂತ್ರ ಜೀವಂತ ಇರುವಾಗಲೇ ಬೀಗದ ಕೈ ಸಮೇತ ಒಳಗಿನ ಮೆಮೊರಿಯ ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳುವ ದಾರಿಗಳನ್ನು ಕೆಲವರು ಕಂಡುಕೊಂಡಿದ್ದಾರೆ. ಅದು ಕಂಪನಿ ಒಪ್ಪಿದ ದಾರಿ ಅಲ್ಲ, ಗಿರಾಕಿಗಳ ಯಂತ್ರದ ಮೇಲೆ ನಾನು ಮಾಡುವುದಿಲ್ಲ. ಕಂಪನಿಯೇ ಕೊಟ್ಟಿರುವ ದಾರಿ ಎಂದರೆ ಒಂದು ತ್ರೀಡಿಎಸ್‌ನಿಂದ ಇನ್ನೊಂದಕ್ಕೆ ಎಲ್ಲವನ್ನೂ ಸಾಗಿಸುವ ‘ಸಿಸ್ಟಂ ಟ್ರಾನ್ಸ್‌ಫರ್’. ಅದಕ್ಕೆ ಎರಡೂ ಯಂತ್ರ ಆನ್ ಆಗಬೇಕು. ಪರದೆ ಮಸುಕಾಗಿದ್ದರೂ, ಬಟನ್ ಒಂದು ಕೆಲಸ ಮಾಡದಿದ್ದರೂ, ಆನ್ ಆಗುತ್ತಿದೆ ಎಂದರೆ ಆಗಲೇ ತನ್ನಿ. ಸತ್ತ ಮೇಲೆ ತಂದರೆ ನನ್ನ ಕೈಲಿ ಇರುವುದು ಬಹಳ ಕಡಿಮೆ. ವರ್ಷಗಟ್ಟಲೆ ಬೀರುವಿನಲ್ಲಿ ಇದ್ದದ್ದಾದರೆ ಚಾರ್ಜಿಗೆ ಹಾಕುವ ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ.

‘ಬೋರ್ಡ್ ಹೋಗಿದೆ’ ಎಂದು ಯಾರಾದರೂ ಹೇಳಿದ ಕೂಡಲೇ ಒಪ್ಪಲೂ ಬೇಡಿ. ತ್ರೀಡಿಎಸ್ ಆನ್ ಮಾಡಿದಾಗ ನೀಲಿ ದೀಪ ಹತ್ತಿ, ಪಟ್ ಎಂದು ಸ್ಪೀಕರ್ ಸದ್ದು ಮಾಡಿ, ತಕ್ಷಣ ಆರಿಹೋಗುತ್ತದೆ ಎಂದುಕೊಳ್ಳಿ. ನೋಡಿದವರಿಗೆ ಯಂತ್ರ ಸತ್ತ ಹಾಗೇ ಕಾಣುತ್ತದೆ. ಆದರೆ ನನ್ನ ಮೇಜಿಗೆ ಬಂದ ಇಂಥವುಗಳಲ್ಲಿ ಜಾಸ್ತಿ ಪಾಲು, ಮೇಲಿನ ಪರದೆಗೆ ಹೋಗುವ ರಿಬ್ಬನ್ ಕೇಬಲ್ ಹರಿದಿರುತ್ತದೆ ಅಥವಾ ಸಾಕೆಟ್‌ನಿಂದ ಸರಿದಿರುತ್ತದೆ. ಮಡಿಸುವ ಪರದೆಯನ್ನು ತೆರೆದು ಮುಚ್ಚಿ ಆ ಕೇಬಲ್ ಸವೆಯುತ್ತದೆ. ಬೋರ್ಡ್ ಗಟ್ಟಿಯಾಗೇ ಇರುತ್ತದೆ.

ದಾವಣಗೆರೆಯ ಒಬ್ಬ ಟೀಚರ್ ಹೀಗೇ ಬಂದರು. ಅಣ್ಣ ಅಮೆರಿಕದಿಂದ ತಂದುಕೊಟ್ಟ ತ್ರೀಡಿಎಸ್. ಪಟ್ ಎಂದು ಆರುತ್ತಿತ್ತು, ಒಂದು ಅಂಗಡಿಯಲ್ಲಿ ಬೋರ್ಡ್ ಬದಲಿಸಿಕೊಟ್ಟಿದ್ದರು, ಈಗ ಯಂತ್ರ ಚೆನ್ನಾಗಿ ಆನ್ ಆಗುತ್ತದೆ, ಪುಷ್ಮೊ ಮಾತ್ರ ಇಲ್ಲ. ಮಕ್ಕಳ ಹೆಸರಿನ ಮೊದಲ ಅಕ್ಷರದ ಆಕಾರದಲ್ಲಿ ಗೋಡೆಗಳನ್ನು ಕಟ್ಟಿ ಅದರಲ್ಲಿ ಇಟ್ಟಿದ್ದರಂತೆ. ಕನ್ನಡ ಅಕ್ಷರಗಳು! ‘ಳ’ ಕಟ್ಟುವುದು ಎಷ್ಟು ಕಷ್ಟ ಎಂದು ಕೈಯಲ್ಲೇ ತೋರಿಸಿದರು. ಕಾರ್ಡ್ ತೆರೆದು ನೋಡಿದೆ. ಎರಡು ಉದ್ದನೆಯ ಹೆಸರು. ಹಳೆಯ ಫೋಲ್ಡರ್ ತುಂಬಿತ್ತು, ಹೊಸದು ಹೆಚ್ಚುಕಡಿಮೆ ಖಾಲಿ.

“ಹಳೆಯ ಬೋರ್ಡ್ ವಾಪಸ್ ಕೊಟ್ಟರಾ?” ಎಂದು ಕೇಳಿದೆ. ಕೇಳಬೇಕು ಎಂದೇ ಅವರಿಗೆ ಹೊಳೆದಿರಲಿಲ್ಲ. ನೀವು ಮಾತ್ರ ಯಾವಾಗಲೂ ಕೇಳಿ, ದುಡ್ಡು ಕೊಟ್ಟು ಬದಲಿಸಿದ ಮೇಲೂ ಹಳೆಯದು ನಿಮ್ಮದೇ. ಅವತ್ತೇ ಆ ಅಂಗಡಿಗೆ ಫೋನ್ ಮಾಡಿಸಿದೆ. ಅದೃಷ್ಟಕ್ಕೆ ಬಿಡಿಭಾಗಕ್ಕೆ ಆಗುತ್ತದೆ ಎಂದು ಡಬ್ಬಿಯಲ್ಲಿ ಎಸೆದಿಟ್ಟಿದ್ದರು, ಯಾವ ಚಿಪ್ಪನ್ನೂ ಕಿತ್ತಿರಲಿಲ್ಲ. ಮುಂದಿನ ಶನಿವಾರ ಆ ಟೀಚರ್ ಬೋರ್ಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಒಂದು ಕರವಸ್ತ್ರ ಸುತ್ತಿ, ಬಸ್ಸಿನಲ್ಲಿ ತಂದರು. ಹೊಸ ರಿಬ್ಬನ್ ಹಾಕಿ, ಹಳೆಯ ಬೋರ್ಡ್ ಕೂರಿಸಿ, ಕಾರ್ಡ್ ಹಾಕಿ ಅವರ ಕೈಗೇ ಕೊಟ್ಟೆ. ನೀಲಿ ದೀಪ ಹತ್ತಿತು. ಪಟ್ ಅನ್ನಲಿಲ್ಲ. ಅವರು ಪುಷ್ಮೊ ತೆರೆದು, ತಾವು ಕಟ್ಟಿದ ಗೋಡೆಗಳ ಪಟ್ಟಿಗೆ ಹೋಗಿ, ಒಂದೊಂದನ್ನೇ ಎಣಿಸಲು ಶುರು ಮಾಡಿದರು.