ಒಂದು ಸಲ ಮರಿ ಹಾಕಲಿ ಬಿಡಿ ಡಾಕ್ಟ್ರೇ

ಹೆಣ್ಣು ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಿ ಅಂದ ತಕ್ಷಣ ಹೆಚ್ಚಿನವರು ಹೇಳುವುದು ಒಂದೇ: ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ. ತಾಯಿ ಆಗೋದನ್ನ ತಪ್ಪಿಸಿದರೆ ಪಾಪ ಅಲ್ವಾ?’ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆರೋಗ್ಯವಾಗಿರುವ ಪ್ರಾಣಿಯ ಹೊಟ್ಟೆ ಕೊಯ್ದು ಅಂಡಾಶಯ, ಗರ್ಭಕೋಶ ತೆಗೆಯುತ್ತೇವೆ. ಅದರ ಒಪ್ಪಿಗೆ ಕೇಳುವ ದಾರಿಯೇ ಇಲ್ಲ. ಹಾಗಾಗಿ ಇದರಿಂದ ಅದಕ್ಕೇನು ಒಳ್ಳೆಯದು ಅಂತ ಹೇಳುವ ಹೊಣೆ ನಮ್ಮ ಮೇಲಿದೆ.

ತಾಯ್ತನದ ಆಸೆ ಮಾತ್ರ ನಮ್ಮದು, ನಾಯಿಯದಲ್ಲ. ಕೆಲವು ನಾಯಿಗಳಿಗೆ ಬೆದೆ ಮುಗಿದು ಎರಡು ತಿಂಗಳಾಗುವ ಹೊತ್ತಿಗೆ ಬಸಿರಿಲ್ಲದೆಯೂ ಹಾಲು ಇಳಿಯುತ್ತದೆ. ಮಂಚದ ಕೆಳಗೆ ಸೇರಿಕೊಂಡು ಚಪ್ಪಲಿಯನ್ನೋ ಗೊಂಬೆಯನ್ನೋ ಮರಿಯಂತೆ ಕಾಯುತ್ತವೆ. ಮನೆಯವರಿಗೆ ಕರುಳು ಚುರುಕ್ ಅನ್ನುತ್ತದೆ. ಅದು ಹಾರ್ಮೋನಿನ ಕೆಲಸ. ಒಮ್ಮೆ ಮರಿ ಹಾಕಿದ ನಾಯಿಗೂ ಮತ್ತೊಂದು ಬೆದೆಯ ನಂತರ ಹೀಗೇ ಆಗಬಹುದು.

ಕಾದು ಕೂತರೆ ಏನಾಗುತ್ತದೆ ಅನ್ನುವುದನ್ನು ಟೇಬಲ್ ಮೇಲೆ ನೋಡುತ್ತೇವೆ. ಏಳೆಂಟು ವರ್ಷದ ನಾಯಿ. ಬೆದೆ ಮುಗಿದು ಕೆಲವು ವಾರ ಆಗಿರುತ್ತದೆ. ಊಟ ಬಿಟ್ಟಿದೆ, ನೀರು ಮಾತ್ರ ಕುಡಿದಿದ್ದೇ ಕುಡಿದಿದ್ದು. ಬಾಲದ ಕೆಳಗೆ ಕೀವು, ವಾಸನೆ. ಕೆಲವಕ್ಕೆ ಆ ಕೀವೂ ಹೊರಗೆ ಬರಲ್ಲ, ಅದು ಇನ್ನೂ ಅಪಾಯ. ಇದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ. ಪೆನ್ಸಿಲ್‌ನಷ್ಟು ಸಣ್ಣಗಿರಬೇಕಾದ ಗರ್ಭಕೋಶದ ಕವಲುಗಳು ಊದಿ ಹೊಟ್ಟೆಯೆಲ್ಲ ತುಂಬಿರುತ್ತವೆ. ಎತ್ತುವಾಗ ಒಡೆದರೆ ಕೀವು ಹೊಟ್ಟೆಗೆ ಚೆಲ್ಲುತ್ತದೆ. ಎಳೆ ವಯಸ್ಸಿನಲ್ಲಿ ಸುಲಭವಾಗಿ ಮುಗಿಯುತ್ತಿದ್ದ ಆಪರೇಷನ್ನನ್ನು ನಂಜೇರಿದ ಮುದಿ ಜೀವಕ್ಕೆ ಮಾಡಬೇಕಾಗುತ್ತದೆ. ಎಲ್ಲವೂ ಉಳಿಯುವುದಿಲ್ಲ.

ಸಂತಾನಹರಣವನ್ನು ಅನುಮಾನದಿಂದ ನೋಡುವ ದೇಶಗಳೂ ಇವೆ. ನಾರ್ವೆಯ ಕಾನೂನು ಸರಿಯಾದ ಕಾರಣವಿಲ್ಲದೆ ಪ್ರಾಣಿಯ ಅಂಗ ತೆಗೆಯಲು ಬಿಡುವುದಿಲ್ಲ. ಆ ನಿಲುವಿನ ಬಗ್ಗೆ ನನಗೆ ಗೌರವವಿದೆ. ಅದೇ ಪಕ್ಕದ ಸ್ವೀಡನ್‌ನಲ್ಲಿ ವಿಮೆಯ ದಾಖಲೆ ನೋಡಿದಾಗ, ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ 10 ವರ್ಷದೊಳಗೆ ಪಯೋಮೆಟ್ರಾ ಬಂದಿತ್ತು. ಅಲ್ಲಿ ಬೀದಿನಾಯಿ ಇಲ್ಲ ಅಂತಲೇ ಹೇಳಬಹುದು. ನಮ್ಮಲ್ಲಿ ಗೇಟು ಅರ್ಧ ತೆರೆದಿದ್ದರೂ ಸಾಕು, ನಾಯಿ ಬಸಿರಾಗಿಬಿಡುತ್ತದೆ. ಹುಟ್ಟಿದ್ದರಲ್ಲಿ ಗಂಡು ಮರಿಗಳಿಗೆ ಹೇಗೋ ಮನೆ ಸಿಗುತ್ತದೆ. ಹೆಣ್ಣು ಮರಿಗಳು ಚೀಲದಲ್ಲಿ ಸಂತೆಮಾಳಕ್ಕೋ ಹೋಟೆಲ್ ಹಿಂದಕ್ಕೋ ಹೋಗುತ್ತವೆ. ಪಾಪ–ಪುಣ್ಯದ ಲೆಕ್ಕದಲ್ಲಿ ಇವನ್ನೂ ಸೇರಿಸಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಸಂತಾನಹರಣದ ಹೊಣೆಯನ್ನು ಸಾಕಿದವರ ಮೇಲೇ ಹಾಕಿವೆ.

‘ಪ್ರಕೃತಿಗೆ ವಿರುದ್ಧ’ ಅನ್ನುವವರಿಗೆ ಹೋರಿಯನ್ನು ನೆನಪಿಸುತ್ತೇನೆ. ನೇಗಿಲಿಗೆ ಕಟ್ಟೋಕೆ ಅಂತ ತಲೆಮಾರುಗಳಿಂದ ಬೀಜ ಒಡೆಸಿದ್ದೇವೆ, ಅದೂ ಅರಿವಳಿಕೆ ಇಲ್ಲದೆ. ಅದು ಪೂರ್ತಿ ನಮ್ಮ ಲಾಭಕ್ಕೆ. ಯಾರ ಲಾಭಕ್ಕೆ ಅನ್ನುವ ಪ್ರಶ್ನೆ ನಾಯಿಯ ವಿಷಯದಲ್ಲೂ ಇರಲೇಬೇಕು.

ಅದಕ್ಕೇ ಗಂಡು ನಾಯಿಗೆ ನಾನು ಅಷ್ಟು ಅವಸರ ಮಾಡುವುದಿಲ್ಲ. ಗೋಲ್ಡನ್ ರಿಟ್ರೀವರ್‌ಗಳ ಮೇಲೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಆಪರೇಷನ್ ಆದವಕ್ಕೆ ಕೀಲಿನ ತೊಂದರೆ ಜಾಸ್ತಿ ಕಂಡಿತ್ತು. ದೊಡ್ಡ ತಳಿಯಾದರೆ ಮೂಳೆ ಬಲಿಯಲಿ, ಕಾಯೋಣ ಅನ್ನುತ್ತೇನೆ. ಸುಮ್ನೆ ಬೊಗಳುತ್ತದೆ, ಭಯಕ್ಕೆ ಕಚ್ಚುತ್ತದೆ ಅಂತ ಬೀಜ ತೆಗೆಸೋಕೆ ಬಂದರೆ ಮಾಡುವುದಿಲ್ಲ. ಭಯ ಅದರಿಂದ ಹೋಗುವುದಿಲ್ಲ. ಬೆಕ್ಕಿನ ವಿಷಯದಲ್ಲಿ ಕಾಯುವ ಮಾತೇ ಬೇಡ. ನಾಲ್ಕೈದು ತಿಂಗಳಿಗೇ ಬಸಿರಾಗಬಲ್ಲದು. ಆಪರೇಷನ್ ಆದ ಮೇಲೆ ಊಟ ಕಡಿಮೆ ಮಾಡಿ, ಇಲ್ಲದಿದ್ದರೆ ತೂಕ ಏರುತ್ತದೆ. ಕೆಲವು ಹೆಣ್ಣು ನಾಯಿಗಳಿಗೆ, ದೊಡ್ಡ ತಳಿಗೆ ಜಾಸ್ತಿ, ಮುಂದೆ ನಿದ್ದೆಯಲ್ಲಿ ಮೂತ್ರ ಸೋರಬಹುದು. ಇದಕ್ಕೆ ಔಷಧಿ ಇದೆ. ಆದರೂ ಮೊದಲೇ ಹೇಳುವುದು ನಮ್ಮ ಕರ್ತವ್ಯ.

ನನಗೆ ನಿಜವಾಗಿ ಕಷ್ಟವಾಗುವುದು ಬಸಿರಾದ ಮೇಲೆ ಕರೆತಂದಾಗ. ಆಗ ಆಪರೇಷನ್ ಮಾಡಿದರೆ ಹೊಟ್ಟೆಯೊಳಗಿನ ಮರಿಗಳೂ ಹೋಗುತ್ತವೆ. ನಾಯಿಗೆ ಬಸಿರು ಸುಮಾರು 63 ದಿನ. ಮೊದಲ ವಾರಗಳಾದರೆ, ಮನೆಯವರ ಜತೆ ಮಾತಾಡಿ, ಮಾಡುತ್ತೇನೆ. ದಿನ ತುಂಬಿದ್ದರೆ ನನ್ನ ಕೈಲಿ ಆಗಲ್ಲ. ಹೆರಿಗೆ ಆಗಲಿ, ಮರಿ ಹಾಲು ಬಿಡಲಿ, ಆಮೇಲೆ ತಾಯಿಯನ್ನು ಕರೆತನ್ನಿ, ಮರಿಗಳಿಗೆ ಮನೆ ಹುಡುಕೋಣ ಅನ್ನುತ್ತೇನೆ. ಗೂಡು ತುಂಬಿ ತುಳುಕುವ ಶೆಲ್ಟರ್‌ಗಳಲ್ಲಿ ದಿನ ತುಂಬಿದಾಗಲೂ ಮಾಡುವ ವೈದ್ಯರಿದ್ದಾರೆ. ಅಲ್ಲಿ ಒಂದು ಮರಿ ಹೆಚ್ಚಾದರೂ ಇನ್ನೊಂದರ ಜಾಗ ಹೋಗುತ್ತದೆ. ಅವರು ಮಾಡುವುದು ತಪ್ಪು ಅಂತ ನಾನು ಹೇಳಲಾರೆ.